ಮದುವೆಯ ಫ್ಲ್ಯಾಶ್ ಫೋಟೊ ಸರಿ ಬರುತ್ತಿಲ್ಲವೇ? ಕಾಂಪನ್ಸೇಶನ್ ದೋಷ ಹುಡುಕುವ ಬಗೆ

ಕಲ್ಯಾಣ ಮಂಟಪದಲ್ಲಿ ತೆಗೆದ ಫ್ಲ್ಯಾಶ್ ಫೋಟೊಗಳ ಬಗ್ಗೆ ಬರುವ ದೂರುಗಳು ಬಹಳ ಬಗೆಯವಲ್ಲ. ಮುಖ ಸುಟ್ಟಂತೆ ಬಿಳಿಯಾಗಿದೆ. ಇಲ್ಲವೇ ಮುಖ ಕಪ್ಪಾಗಿದೆ. ಮಂಟಪದ ಹೂವಿನ ಅಲಂಕಾರವೆಲ್ಲ ಕತ್ತಲಲ್ಲಿ ಮುಳುಗಿದೆ. ಅಥವಾ ಕಾಂಪನ್ಸೇಶನ್ (ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ನಾವು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) ಎಷ್ಟು ತಿರುಗಿಸಿದರೂ ಫೋಟೊ ಹಾಗೇ ಇದೆ. ಇಷ್ಟಕ್ಕೂ ಜನ ಮಾಡುವುದು ಒಂದೇ ಕೆಲಸ. ಬೆರಳಿಗೆ ಸಿಕ್ಕಿದ ಪ್ಲಸ್-ಮೈನಸ್ ಬಟನ್ ಒತ್ತಿ ಡಯಲ್ ತಿರುಗಿಸುತ್ತಾರೆ. ಮುಖ ಸರಿಯಾದರೆ ಹಿಂದಿನದು ಕೆಡುತ್ತದೆ. ಹಿಂದಿನದು ಸರಿಯಾದರೆ ಮುಖ ಕೆಡುತ್ತದೆ.

ಡಯಲ್ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಫೋಟೊದಲ್ಲಿ ಕೆಟ್ಟಿರುವುದು ಯಾವ ಬೆಳಕು? ಇಲ್ಲಿ ಹೇಳುವ ಎಲ್ಲ ಪರೀಕ್ಷೆಗಳೂ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

## ಒಂದು ಫೋಟೊ, ಎರಡು ಎಕ್ಸ್‌ಪೋಶರ್

ಎಕ್ಸ್‌ಪೋಶರ್ ಅಂದರೆ ಫೋಟೊಗೆ ಬಿದ್ದ ಬೆಳಕಿನ ಪ್ರಮಾಣ. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಎರಡು ಬೆಳಕು ಸೇರಿರುತ್ತವೆ. ಒಂದು, ಅಲ್ಲಿ ಮೊದಲೇ ಇದ್ದದ್ದು: ಟ್ಯೂಬ್ ಲೈಟ್, ಸೀರಿಯಲ್ ಸೆಟ್, ಕಿಟಕಿ, ವಿಡಿಯೊದವರ ಎಲ್‌ಇಡಿ. ಇನ್ನೊಂದು ನಿಮ್ಮ ಫ್ಲ್ಯಾಶ್. ಇದ್ದ ಬೆಳಕು ಫೋಟೊದಲ್ಲಿ ಎಷ್ಟು ಬರುತ್ತದೆ ಅನ್ನುವುದನ್ನು ಶಟರ್ (ಬೆಳಕು ಒಳಬರುವ ಹೊತ್ತು), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಮೂರೂ ಸೇರಿ ತೀರ್ಮಾನಿಸುತ್ತವೆ. ಫ್ಲ್ಯಾಶ್ ಬೆಳಕಿಗೆ ಅಪರ್ಚರ್, ಐಎಸ್ಒ, ದೂರ ಮತ್ತು ಫ್ಲ್ಯಾಶಿನ ಪವರ್ ಲೆಕ್ಕ. ಶಟರ್ ವೇಗಕ್ಕೆ ಇಲ್ಲಿ ಕೆಲಸವಿಲ್ಲ. ಫ್ಲ್ಯಾಶ್ ಮಿಂಚಿ ಮುಗಿಯುವ ಹೊತ್ತು, ಶಟರ್ ತೆರೆದಿರುವ ಹೊತ್ತಿಗಿಂತ ಬಹಳ ಚಿಕ್ಕದು.

ಹಾಗಾಗಿ ಕಾಂಪನ್ಸೇಶನ್ ಕೂಡ ಎರಡಿವೆ. ಒಂದು ಸಾದಾ ಎಕ್ಸ್‌ಪೋಶರ್ ಕಾಂಪನ್ಸೇಶನ್. ಇನ್ನೊಂದು ಫ್ಲ್ಯಾಶ್ ಎಕ್ಸ್‌ಪೋಶರ್ ಕಾಂಪನ್ಸೇಶನ್. ಅದರ ಗುರುತಿನಲ್ಲಿ ಪ್ಲಸ್-ಮೈನಸ್ ಪಕ್ಕ ಒಂದು ಮಿಂಚಿನ ಚಿತ್ರ ಇರುತ್ತದೆ. ಎರಡೂ ಸಾಮಾನ್ಯವಾಗಿ ಮೂರನೇ ಒಂದು ಸ್ಟಾಪ್‌ನ ಹೆಜ್ಜೆಯಲ್ಲಿ ಬದಲಾಗುತ್ತವೆ: 0.3, 0.7, 1. ಪ್ಲಸ್ 1, ಅಂದರೆ ಒಂದು ಸ್ಟಾಪ್ ಹೆಚ್ಚು ಅಂದರೆ, ಎರಡರಷ್ಟು ಬೆಳಕು, ಮೈನಸ್ 1 ಅಂದರೆ ಅರ್ಧ.

ಫ್ಲ್ಯಾಶ್ ಎಷ್ಟು ಬೆಳಕು ಕೊಡಬೇಕು ಅಂತ ಕ್ಯಾಮೆರಾಗೆ ಹೇಗೆ ಗೊತ್ತಾಗುತ್ತದೆ? 1975ರ ಒಲಿಂಪಸ್ ಓಎಂ-2 ಫಿಲ್ಮ್ ಮೇಲಿಂದ ಮರಳಿ ಬಂದ ಬೆಳಕನ್ನು ಫೋಟೊ ತೆಗೆಯುತ್ತಿರುವಾಗಲೇ ಅಳೆಯುತ್ತಿತ್ತು. ಈಗಿನ ಡಿಜಿಟಲ್ ಕ್ಯಾಮೆರಾಗಳ ದಾರಿ ಬೇರೆ. ನೀವು ಬಟನ್ ಒತ್ತಿದ ಕೂಡಲೇ ಫ್ಲ್ಯಾಶ್ ಮೊದಲು ಸಣ್ಣದಾಗಿ ಮಿಂಚುತ್ತದೆ. ಇದನ್ನು ಪ್ರೀ-ಫ್ಲ್ಯಾಶ್ ಅನ್ನುತ್ತಾರೆ. ಅದು ವಸ್ತುವಿಗೆ ಬಡಿದು ಎಷ್ಟು ವಾಪಸ್ ಬಂತು ಅಂತ ಕ್ಯಾಮೆರಾ ಅಳೆಯುತ್ತದೆ. ಆಮೇಲೆ ನಿಜವಾದ ಮಿಂಚು. ಲೆನ್ಸ್ ಮೂಲಕ ಬಂದ ಬೆಳಕನ್ನು ಅಳೆದು ಫ್ಲ್ಯಾಶಿನ ಪವರನ್ನು ತಾನಾಗಿಯೇ ಗೊತ್ತು ಮಾಡುವ ವಿಧಾನಕ್ಕೆ ಟಿಟಿಎಲ್ ಅನ್ನುತ್ತಾರೆ. ಕ್ಯಾನನ್ ಇದನ್ನು ಇ-ಟಿಟಿಎಲ್ ಹೆಸರಿನಲ್ಲಿ 1995ರಲ್ಲಿ ತಂದಿತು. ನಿಕಾನ್‌ನ ಐ-ಟಿಟಿಎಲ್ 2003ರಲ್ಲಿ ಬಂತು. ಎರಡೂ ಒಂದೇ ತತ್ವದ ಮೇಲೆ ನಿಂತಿವೆ, ಎರಡಕ್ಕೂ ಒಂದೇ ದೌರ್ಬಲ್ಯ ಇದೆ. ಎದುರಿಗೆ ಇರುವುದು ಬಿಳಿ ಪಂಚೆಯೋ ಕಪ್ಪು ಕೋಟೋ ಅಂತ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ತಿಳಿಯದು. ಎಲ್ಲವನ್ನೂ ನಡುಮಟ್ಟದ ಬೂದು ಬಣ್ಣ ಅಂದುಕೊಂಡೇ ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ತಿದ್ದುವುದಕ್ಕೇ ಫ್ಲ್ಯಾಶ್ ಕಾಂಪನ್ಸೇಶನ್ ಇರುವುದು.

## ಮೊದಲ ಪರೀಕ್ಷೆ: ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೊ

ಕ್ಯಾಮೆರಾವನ್ನು ಎಂ (ಮ್ಯಾನುವಲ್, ಎಲ್ಲ ಅಂಕಿಗಳನ್ನೂ ಕೈಯಾರೆ ಹಾಕುವ) ಮೋಡಿಗೆ ತನ್ನಿ. ನೀವು ಬಳಸುತ್ತಿದ್ದ ಶಟರ್, ಅಪರ್ಚರ್, ಐಎಸ್ಒ ಅನ್ನೇ ಅಲ್ಲಿ ಹಾಕಿ. ಆಟೊ ಐಎಸ್ಒ ಆಫ್ ಮಾಡಿ. ಈಗ ಫ್ಲ್ಯಾಶ್ ಆರಿಸಿ ಒಂದು ಫೋಟೊ, ಫ್ಲ್ಯಾಶ್ ಹಾಕಿ ಇನ್ನೊಂದು ಫೋಟೊ ತೆಗೆಯಿರಿ. ನಿಂತ ಜಾಗ ಬದಲಿಸಬೇಡಿ.

ಮೊದಲನೇ ಫೋಟೊದಲ್ಲಿ ಕಾಣುವುದೆಲ್ಲ ಇದ್ದ ಬೆಳಕು. ಎರಡನೆಯದರಲ್ಲಿ ಹೊಸದಾಗಿ ಸೇರಿದ್ದೆಲ್ಲ ಫ್ಲ್ಯಾಶ್. ಫ್ಲ್ಯಾಶ್ ಇಲ್ಲದ ಫೋಟೊದಲ್ಲೇ ಮುಖ ಆಗಲೇ ಬೆಳ್ಳಗಿದ್ದರೆ ಫ್ಲ್ಯಾಶ್ ಕಾಂಪನ್ಸೇಶನ್ ಮೈನಸ್ 3 ಮಾಡಿದರೂ ಮುಖ ಸರಿಹೋಗದು. ತಪ್ಪು ಇದ್ದ ಬೆಳಕಿನ ಕಡೆ ಇದೆ. ಮೊದಲ ಫೋಟೊ ಪೂರ್ತಿ ಕಪ್ಪಾಗಿ ಬಂದರೆ ಹಿನ್ನೆಲೆ ಬರುವುದು ಫ್ಲ್ಯಾಶ್ ತಲುಪಿದಷ್ಟೇ. ಈ ಒಂದು ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ನನ್ನ ಪ್ರಕಾರ ಇದನ್ನು ಮಾಡದೆ ಮುಂದಿನ ಯಾವುದನ್ನೂ ಮುಟ್ಟಬಾರದು.

ಇನ್ನೊಂದು ಮಾತು. ಫಲಿತಾಂಶವನ್ನು ಪರದೆ ನೋಡಿ ತೀರ್ಮಾನಿಸಬೇಡಿ. ಕತ್ತಲ ಹಾಲ್‌ನಲ್ಲಿ ಕ್ಯಾಮೆರಾ ಪರದೆ ಜಾಸ್ತಿ ಹೊಳೆಯುತ್ತದೆ, ಅಂಡರ್ ಆದ, ಅಂದರೆ ಬೆಳಕು ಸಾಲದ, ಫೋಟೊ ಕೂಡ ಚೆಂದ ಕಾಣುತ್ತದೆ. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ತೆರೆದಾಗಲೇ ನಿಜ ಗೊತ್ತಾಗುವುದು. ಹಿಸ್ಟೋಗ್ರಾಂ (ಫೋಟೊದಲ್ಲಿ ಕಪ್ಪಿನಿಂದ ಬಿಳಿಯವರೆಗೆ ಏನೆಷ್ಟಿದೆ ಅಂತ ತೋರಿಸುವ ನಕ್ಷೆ) ನೋಡಿ. ಸುಟ್ಟ ಜಾಗ ಮಿಣುಕುವ ಹೈಲೈಟ್ ಎಚ್ಚರಿಕೆಯನ್ನೂ ಆನ್ ಇಡಿ.

## ಕಾಂಪನ್ಸೇಶನ್ ತಿರುಗಿಸಿದರೂ ಏನೂ ಬದಲಾಗುತ್ತಿಲ್ಲ

ಇದಕ್ಕೆ ಕಾರಣಗಳು ಹಲವು. ಸುಲಭವಾಗಿ ಸಿಗುವ ಕಾರಣದಿಂದ ಶುರು ಮಾಡೋಣ.

ಫ್ಲ್ಯಾಶ್ ಟಿಟಿಎಲ್‌ನಲ್ಲಿ ಇದೆಯೇ ನೋಡಿ. ಅದರ ಪರದೆಯಲ್ಲಿ ಎಂ ಎಂದೂ 1/1, 1/8, 1/64 ಥರದ ಅಂಕಿಯೂ ಇದ್ದರೆ ಅದು ಮ್ಯಾನುವಲ್‌ನಲ್ಲಿದೆ. ನೀವು ಹೇಳಿದಷ್ಟೇ ಪವರ್ ಕೊಡುತ್ತದೆ. ಅಲ್ಲಿ ಫ್ಲ್ಯಾಶ್ ಕಾಂಪನ್ಸೇಶನ್‌ಗೆ ಅರ್ಥವೇ ಇಲ್ಲ. ಕಡಿಮೆ ಬೆಲೆಯ ಎಷ್ಟೋ ಫ್ಲ್ಯಾಶ್‌ಗಳಲ್ಲಿ ಟಿಟಿಎಲ್ ಇರುವುದೇ ಇಲ್ಲ. ತಳ ತಿರುಗಿಸಿ ನೋಡಿ. ನಡುವೆ ಒಂದೇ ಪಿನ್ ಇದ್ದರೆ ಅದಕ್ಕೆ "ಈಗ ಮಿಂಚು" ಅನ್ನುವ ಸೂಚನೆ ಮಾತ್ರ ತಲುಪುತ್ತದೆ, ಎಷ್ಟು ಮಿಂಚಬೇಕು ಅನ್ನುವುದು ತಲುಪದು. ದೂರದಲ್ಲಿಟ್ಟ ಫ್ಲ್ಯಾಶನ್ನು ಮಿಂಚಿಸುವ ರೇಡಿಯೊ ಟ್ರಿಗರ್ ಕೂಡ ಹಾಗೇ. ಕ್ಯಾನನ್‌ಗೆ ಮಾಡಿದ ಟ್ರಿಗರನ್ನು ನಿಕಾನ್ ಮೇಲೆ ಕೂರಿಸಿದರೆ ಮಿಂಚಿದರೂ ಮಿಂಚಬಹುದು, ಟಿಟಿಎಲ್ ಮಾತ್ರ ಬರುವುದಿಲ್ಲ.

ಮುಂದೆ, ಫ್ಲ್ಯಾಶಿನ ಶಕ್ತಿ ಮುಗಿದಿದೆಯೇ ನೋಡಿ. ಮೈನಸ್ ಕಡೆ ತಿರುಗಿಸಿದರೆ ಕಡಿಮೆಯಾಗುತ್ತದೆ, ಪ್ಲಸ್ ಕಡೆ ಏನೂ ಆಗುತ್ತಿಲ್ಲ ಅಂದರೆ ಇದೇ ಕಾರಣ. ಪ್ಲಸ್ 1 ಕೇಳಿದರೆ ಎರಡರಷ್ಟು, ಪ್ಲಸ್ 2 ಕೇಳಿದರೆ ನಾಲ್ಕರಷ್ಟು ಪವರ್ ಬೇಕು. ಆಗಲೇ ಪೂರ್ತಿ ಪವರ್‌ನಲ್ಲಿ ಉರಿಯುತ್ತಿರುವ ಫ್ಲ್ಯಾಶ್ ಎಲ್ಲಿಂದ ತರಬೇಕು?

ಒಂದು ಅಂದಾಜು ಲೆಕ್ಕ ನೋಡಿ. 35 ಎಂಎಂ ಝೂಮ್‌ನಲ್ಲಿ ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿ ಹೇಳುವ ಅಂಕಿ) 36 ಮೀಟರ್ ಇರುವ ಫ್ಲ್ಯಾಶ್ ಇದೆ ಅಂದುಕೊಳ್ಳಿ. ಇದು ಐಎಸ್ಒ 100ರ ಅಂಕಿ. ಐಎಸ್ಒ 400 ಮಾಡಿದರೆ 72 ಆಗುತ್ತದೆ. ಗೈಡ್ ನಂಬರನ್ನು ಅಪರ್ಚರ್‌ನಿಂದ ಭಾಗಿಸಿದರೆ ಬೆಳಕು ತಲುಪುವ ದೂರ ಸಿಗುತ್ತದೆ. ಎಫ್ 5.6ಕ್ಕೆ ಸುಮಾರು 13 ಮೀಟರ್. ಬೇಕಾದಷ್ಟಾಯಿತು ಅಲ್ವಾ? ಆದರೆ ಇದು ನೇರ ಫ್ಲ್ಯಾಶಿನ ಲೆಕ್ಕ. ಚಾವಣಿಗೆ ಬೌನ್ಸ್ ಮಾಡಿದರೆ, ಅಂದರೆ ಬೆಳಕನ್ನು ಅಲ್ಲಿಗೆ ಬಡಿಸಿ ಮುಖದ ಮೇಲೆ ಬೀಳಿಸಿದರೆ, ಅಲ್ಲೇ ಸುಮಾರು 2 ಸ್ಟಾಪ್ ಹೋಗುತ್ತದೆ, ತಲುಪುವ ದೂರ ಅರ್ಧಕ್ಕೆ ಇಳಿಯುತ್ತದೆ. ಉಳಿದದ್ದು ಆರೂವರೆ ಮೀಟರ್. ಮಂಟಪದ ಚಾವಣಿ 6 ಮೀಟರ್ ಎತ್ತರ ಇದ್ದರೆ ಬೆಳಕು ಮೇಲೆ ಹೋಗಿ ಕೆಳಗೆ ಬರುವ ದಾರಿಯೇ ಒಂಬತ್ತು ಮೀಟರ್ ದಾಟುತ್ತದೆ. ಮುಖ ಒಂದು ಸ್ಟಾಪ್‌ಗಿಂತ ಜಾಸ್ತಿ ಕಪ್ಪಾಗಿಯೇ ಬರುತ್ತದೆ. ಇಲ್ಲಿ ಫ್ಲ್ಯಾಶ್ ಕಾಂಪನ್ಸೇಶನ್ ತಿರುಗಿಸಿ ಪ್ರಯೋಜನವಿಲ್ಲ. ಐಎಸ್ಒ 1600 ಮಾಡಿ, ಇಲ್ಲವೇ ಅಪರ್ಚರ್ ತೆರೆಯಿರಿ, ಇಲ್ಲವೇ ಹತ್ತಿರದ ಬಿಳಿ ಗೋಡೆಗೆ ಬೌನ್ಸ್ ಮಾಡಿ.

ಶಕ್ತಿ ಸಾಲದಿದ್ದರೆ ಫ್ಲ್ಯಾಶೇ ಹೇಳುತ್ತದೆ. ನಿಕಾನ್ ಫ್ಲ್ಯಾಶ್‌ಗಳಲ್ಲಿ ಪೂರ್ತಿ ಪವರ್ ಕೊಟ್ಟೂ ಬೆಳಕು ಸಾಲದೆ ಹೋಗಿರಬಹುದಾದಾಗ ರೆಡಿ ದೀಪ ಸುಮಾರು 3 ಸೆಕೆಂಡ್ ಮಿಣುಕುತ್ತದೆ. ಕ್ಯಾನನ್‌ನ ದೊಡ್ಡ ಫ್ಲ್ಯಾಶ್‌ಗಳಲ್ಲಿ ಬೆಳಕು ಸಾಕಾಗಿದ್ದರೆ ಬೇರೊಂದು ಚಿಕ್ಕ ದೀಪ 3 ಸೆಕೆಂಡ್ ಹೊತ್ತುತ್ತದೆ, ಸಾಲದಿದ್ದರೆ ಹೊತ್ತುವುದಿಲ್ಲ. ಗಡಿಬಿಡಿಯಲ್ಲಿ ಯಾರೂ ಆ ಕಡೆ ನೋಡುವುದಿಲ್ಲ. ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು ಕಾರಣ ಸುಲಭಕ್ಕೆ ಕಣ್ಣಿಗೆ ಬೀಳದು. ಕ್ಯಾನನ್‌ನ ಆಟೊ ಲೈಟಿಂಗ್ ಆಪ್ಟಿಮೈಸರ್, ನಿಕಾನ್‌ನ ಆ್ಯಕ್ಟಿವ್ ಡಿ-ಲೈಟಿಂಗ್ ಥರದ ಸೌಲಭ್ಯಗಳು ಕಪ್ಪಾದ ಜಾಗವನ್ನು ತಾವಾಗಿಯೇ ಬೆಳ್ಳಗೆ ಮಾಡುತ್ತವೆ. ನೀವು ಬೇಕೆಂದೇ ಮೈನಸ್ ಹಾಕಿದ್ದನ್ನು ಜೆಪೆಗ್‌ನಲ್ಲಿ ಮತ್ತೆ ಎತ್ತಿಬಿಡುತ್ತವೆ. ದೋಷ ಹುಡುಕುವಾಗ ಇವನ್ನು ಆಫ್ ಮಾಡಿ. ಮುಗಿದ ಮೇಲೆ ಬೇಕಿದ್ದರೆ ಆನ್ ಮಾಡಿಕೊಳ್ಳಿ.

ಕೊನೆಗೆ, ಕಾಂಪನ್ಸೇಶನ್ ಎರಡು ಕಡೆ ಇದೆ ಅನ್ನುವುದನ್ನು ಮರೆಯಬೇಡಿ. ಕ್ಯಾಮೆರಾದಲ್ಲೂ ಹಾಕಬಹುದು, ಫ್ಲ್ಯಾಶ್ ಮೇಲೂ ಹಾಕಬಹುದು. ಕ್ಯಾನನ್‌ನಲ್ಲಿ ಫ್ಲ್ಯಾಶ್ ಮೇಲೆ ಹಾಕಿದ್ದೇ ಗೆಲ್ಲುತ್ತದೆ. ಅಲ್ಲಿ ಏನೋ ಅಂಕಿ ಇದ್ದರೆ ಕ್ಯಾಮೆರಾದಲ್ಲಿ ಎಷ್ಟು ತಿರುಗಿಸಿದರೂ ಲೆಕ್ಕಕ್ಕಿಲ್ಲ. ನಿಕಾನ್‌ನಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಕ್ಯಾಮೆರಾದಲ್ಲಿ ಪ್ಲಸ್ 1, ಫ್ಲ್ಯಾಶ್ ಮೇಲೆ ಮೈನಸ್ 1 ಇದ್ದರೆ ಸೊನ್ನೆ. ಕ್ಯಾಮೆರಾ ಆಫ್ ಮಾಡಿದರೂ ಈ ಅಂಕಿಗಳು ಸಾಮಾನ್ಯವಾಗಿ ಅಳಿಯುವುದಿಲ್ಲ. ಹಿಂದಿನ ಮದುವೆಯ ಮೈನಸ್ 1.3 ಈ ಮದುವೆಯಲ್ಲೂ ಸುಮ್ನೆ ಕೂತಿರಬಹುದು.

## ಒಂದನ್ನು ಬದಲಿಸಿದರೆ ಎರಡೂ ಬದಲಾಗುತ್ತವೆ

ಇದು ದೋಷ ಅಲ್ಲ, ಕಂಪನಿಗಳ ಆಯ್ಕೆ. ಆದರೆ ಕ್ಯಾಮೆರಾ ಬ್ರ್ಯಾಂಡ್ ಬದಲಿಸಿದವರನ್ನು ಇದು ತುಂಬಾ ಕಾಡುತ್ತದೆ.

ಕ್ಯಾನನ್‌ನಲ್ಲಿ ಸಾದಾ ಕಾಂಪನ್ಸೇಶನ್ ಇದ್ದ ಬೆಳಕನ್ನು ಮಾತ್ರ ಮುಟ್ಟುತ್ತದೆ. ಹಿನ್ನೆಲೆ ಕಡಿಮೆ ಮಾಡಲು ಮೈನಸ್ 1 ಹಾಕಿದರೆ ಫ್ಲ್ಯಾಶ್ ತನ್ನ ಪಾಡಿಗೆ ಮುಖಕ್ಕೆ ಬೇಕಾದಷ್ಟು ಕೊಡುತ್ತದೆ. ನಿಕಾನ್‌ನಲ್ಲಿ ಮೊದಲಿನಿಂದ ಬಂದ ಪದ್ಧತಿ ಬೇರೆ. ಸಾದಾ ಕಾಂಪನ್ಸೇಶನ್ ಹಿನ್ನೆಲೆ, ಫ್ಲ್ಯಾಶ್ ಎರಡನ್ನೂ ಒಟ್ಟಿಗೆ ಇಳಿಸುತ್ತದೆ. ಹಿನ್ನೆಲೆ ಮಾತ್ರ ಇಳಿಯಬೇಕಿದ್ದರೆ ಸಾದಾ ಮೈನಸ್ 1 ಜೊತೆಗೆ ಫ್ಲ್ಯಾಶ್ ಪ್ಲಸ್ 1 ಹಾಕಿ ಸರಿದೂಗಿಸಬೇಕು. ನಿಕಾನ್ ಕ್ಯಾಮೆರಾದಲ್ಲಿ ಫ್ಲ್ಯಾಶ್ ಕಾಂಪನ್ಸೇಶನ್ ಮೇಲ್ಗಡೆ ಪ್ಲಸ್ 1ರವರೆಗೆ ಮಾತ್ರ ಹೋಗುತ್ತದೆ, ಕೆಳಗಡೆ ಮೈನಸ್ 3ರವರೆಗೆ. ಹಾಗಾಗಿ ಈ ಉಪಾಯಕ್ಕೆ ಮಿತಿ ಇದೆ.

ಡಿ4, ಡಿ800 ಕ್ಯಾಮೆರಾಗಳ ಕಾಲದಿಂದ ನಿಕಾನ್ ಕಸ್ಟಮ್ ಮೆನುವಿನ ಇ ಗುಂಪಿನಲ್ಲಿ ಇದಕ್ಕೊಂದು ಆಯ್ಕೆ ಕೊಟ್ಟಿದೆ. ಪೂರ್ತಿ ಚೌಕಟ್ಟಿಗೆ ಅನ್ವಯಿಸಬೇಕೋ, ಹಿನ್ನೆಲೆಗೆ ಮಾತ್ರವೋ ಅಂತ ಕೇಳುತ್ತದೆ. ಹಿನ್ನೆಲೆಗೆ ಮಾತ್ರ ಅಂತ ಇಟ್ಟರೆ ಕ್ಯಾನನ್ ಥರವೇ ನಡೆಯುತ್ತದೆ. ಸೋನಿಯಲ್ಲೂ ಇಂಥದ್ದೇ ಆಯ್ಕೆ ಇದೆ. ಇದ್ದ ಬೆಳಕು ಮತ್ತು ಫ್ಲ್ಯಾಶ್ ಎರಡಕ್ಕೂ, ಅಥವಾ ಇದ್ದ ಬೆಳಕಿಗೆ ಮಾತ್ರ. ಮದುವೆ ಕೆಲಸ ಮಾಡುವವರು ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳುವುದೇ ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ಡಯಲ್‌ಗೆ ಒಂದೇ ಕೆಲಸ ಇದ್ದರೆ ಅವಸರದಲ್ಲೂ ಕೈ ತಪ್ಪುವುದಿಲ್ಲ.

ಎಂ ಮೋಡಿನಲ್ಲಿ ಇನ್ನೊಂದು ಗೊಂದಲ. ಅಲ್ಲಿ ಸಾದಾ ಕಾಂಪನ್ಸೇಶನ್ ಶಟರನ್ನಾಗಲಿ ಅಪರ್ಚರನ್ನಾಗಲಿ ಬದಲಿಸದು. ಆದರೆ ನಿಕಾನ್‌ನಲ್ಲಿ ಪೂರ್ತಿ ಚೌಕಟ್ಟಿನ ಆಯ್ಕೆ ಇದ್ದರೆ ಟಿಟಿಎಲ್ ಫ್ಲ್ಯಾಶಿನ ಪವರನ್ನು ಬದಲಿಸುತ್ತದೆ. "ಎಂನಲ್ಲಿದ್ದೇನೆ, ಅದು ಕೆಲಸ ಮಾಡಲ್ಲ" ಅಂತ ಮೈನಸ್ 2ರಲ್ಲೇ ಬಿಟ್ಟರೆ ಎಲ್ಲ ಮುಖಗಳೂ ಕಪ್ಪು.

## ಮುಖ ಕಪ್ಪಾಗಿದೆ: ಬಿಳಿ ಬಟ್ಟೆ, ಅಂತರಪಟ, ಜರಿ

ನಮ್ಮ ಮದುವೆಗಳಲ್ಲಿ ಮುಹೂರ್ತದ ಹೊತ್ತು ಟಿಟಿಎಲ್‌ಗೆ ಅತಿ ಕಷ್ಟದ ಹೊತ್ತು. ಗಂಡು ಬಿಳಿ ಪಂಚೆ, ಬಿಳಿ ಶಲ್ಯದಲ್ಲಿರುತ್ತಾನೆ. ಬಹಳ ಕಡೆ ಧಾರೆ ಸೀರೆಯೂ ಬಿಳಿ ಅಥವಾ ಕೆನೆ ಬಣ್ಣದ್ದು. ಪುರೋಹಿತರೂ ಬಿಳಿ. ಪ್ರೀ-ಫ್ಲ್ಯಾಶ್ ಇವೆಲ್ಲದರಿಂದ ಜೋರಾಗಿ ವಾಪಸ್ ಬರುತ್ತದೆ. ಮೀಟರ್ "ಬೆಳಕು ಜಾಸ್ತಿಯಾಯಿತು" ಅಂದುಕೊಂಡು ಫ್ಲ್ಯಾಶನ್ನು ಇಳಿಸುತ್ತದೆ. ಪಂಚೆ ಬೂದು, ಮುಖ ಕಪ್ಪು. ಇಲ್ಲಿ ಬೇಕಾದದ್ದು ಫ್ಲ್ಯಾಶ್ ಕಾಂಪನ್ಸೇಶನ್ ಪ್ಲಸ್. 0.7ರಿಂದ ಶುರು ಮಾಡಿ. ಚೌಕಟ್ಟು ತುಂಬಾ ಬಿಳಿಯೇ ಇದ್ದರೆ 1 ಅಥವಾ 1.3 ಬೇಕಾಗಬಹುದು. ಬಿಳಿ ಕಂಡಾಗ ಪ್ಲಸ್ ಮಾಡುವುದು ಮನಸ್ಸಿಗೆ ಉಲ್ಟಾ ಅನಿಸುತ್ತದೆ. ಆದರೆ ಮೀಟರ್ ಆಗಲೇ ಉಲ್ಟಾ ಕಡೆ ಎಳೆದಿದೆ, ನೀವು ಅದನ್ನು ವಾಪಸ್ ತರುತ್ತಿದ್ದೀರಿ ಅಷ್ಟೇ.

ಅಂತರಪಟ ಇದ್ದಾಗ ಕಷ್ಟ ಇನ್ನೂ ಜಾಸ್ತಿ. ಗಂಡು-ಹೆಣ್ಣಿನ ನಡುವೆ ಹಿಡಿದ ಆ ಬಟ್ಟೆ ಚೌಕಟ್ಟಿನ ಅರ್ಧ ತುಂಬಿಕೊಂಡಿರುತ್ತದೆ, ಕ್ಯಾಮೆರಾಗೆ ಮುಖಗಳಿಗಿಂತ ಹತ್ತಿರವೂ ಇರಬಹುದು. ಅದು ಇದ್ದಾಗ ಒಂದು ಲೆಕ್ಕ, ಸರಿಸಿದ ಕ್ಷಣ ಇನ್ನೊಂದು ಲೆಕ್ಕ. ಬಟ್ಟೆ ಇದ್ದಾಗ ಪ್ಲಸ್ 1.3 ಹಾಕಿ ಸರಿ ಮಾಡಿಕೊಂಡಿದ್ದರೆ, ಸರಿದ ಮೇಲೆ ಜೀರಿಗೆ-ಬೆಲ್ಲ ಎರಚುವ ಫೋಟೊದಲ್ಲಿ ಮುಖ ಸುಡುತ್ತದೆ. ಆ ಕ್ಷಣ ಮತ್ತೆ ಬರುವುದಿಲ್ಲ. ಯಾರನ್ನೂ "ಇನ್ನೊಂದ್ಸಲ ಮಾಡಿ" ಅಂತ ಕೇಳಲಾಗದು.

ಇಲ್ಲಿ ಕಾಂಪನ್ಸೇಶನ್ ಹಿಂದೆ ಓಡುವುದನ್ನೇ ಬಿಡಬೇಕು ಅಂತ ನಾನು ಹೇಳುತ್ತೇನೆ. ಮಣೆ ಹಾಕಿದ ಜಾಗ ಬದಲಾಗುವುದಿಲ್ಲ. ನೀವು ನಿಲ್ಲುವ ಜಾಗವೂ ಹೆಚ್ಚುಕಡಿಮೆ ಅದೇ. ಹಾಗಾದರೆ ಫ್ಲ್ಯಾಶನ್ನು ಮ್ಯಾನುವಲ್‌ಗೆ ಹಾಕಿ. ಮುಹೂರ್ತಕ್ಕೆ ಮುಂಚೆ, ಅಲ್ಲಿ ಪುರೋಹಿತರು ತಯಾರಿ ಮಾಡುತ್ತಿರುವಾಗಲೇ, 1/4 ಅಥವಾ 1/8ರಲ್ಲಿ ಒಂದೆರಡು ಫೋಟೊ ತೆಗೆದು ಪವರ್ ಗೊತ್ತು ಮಾಡಿಕೊಳ್ಳಿ. ಮ್ಯಾನುವಲ್ ಫ್ಲ್ಯಾಶ್ ಬಿಳಿ ಬಟ್ಟೆ ನೋಡಿ ಮೋಸ ಹೋಗುವುದಿಲ್ಲ. ದೂರ ಬದಲಾಗದಿದ್ದರೆ ಬೆಳಕೂ ಬದಲಾಗದು.

ಟಿಟಿಎಲ್‌ನಲ್ಲೇ ಇರಬೇಕು ಅನ್ನುವವರಿಗೆ ಫ್ಲ್ಯಾಶ್ ಲಾಕ್ ಇದೆ. ಕ್ಯಾನನ್‌ನಲ್ಲಿ ಎಫ್‌ಇ ಲಾಕ್, ನಿಕಾನ್‌ನಲ್ಲಿ ಎಫ್‌ವಿ ಲಾಕ್. ಮುಖವನ್ನು ಚೌಕಟ್ಟಿನ ನಡುವೆ ತಂದು ಬಟನ್ ಒತ್ತಿದರೆ ಪ್ರೀ-ಫ್ಲ್ಯಾಶ್ ಆಗಲೇ ಮಿಂಚಿ, ನಡುವಿನ ಚಿಕ್ಕ ಜಾಗವನ್ನು ಮಾತ್ರ ಅಳೆಯುತ್ತದೆ. ಆಮೇಲೆ ಚೌಕಟ್ಟು ಸರಿಮಾಡಿ ತೆಗೆಯಬಹುದು. ಇದರಿಂದ ಇನ್ನೊಂದು ಲಾಭವಿದೆ. ಕೆಲವರು, ಅದರಲ್ಲೂ ಹಿರಿಯರು, ಪ್ರೀ-ಫ್ಲ್ಯಾಶ್‌ಗೇ ಕಣ್ಣು ಮುಚ್ಚುತ್ತಾರೆ. ನಿಜವಾದ ಮಿಂಚು ಬರುವ ಹೊತ್ತಿಗೆ ಕಣ್ಣು ಮುಚ್ಚಿರುತ್ತದೆ. ಲಾಕ್ ಬಳಸಿದರೆ ಆ ತೊಂದರೆ ತಪ್ಪುತ್ತದೆ.

ಜರಿಯ ಕಥೆ ಸ್ವಲ್ಪ ಬೇರೆ. ರೇಷ್ಮೆ ಸೀರೆಯ ಜರಿ, ಮೈಸೂರು ಪೇಟದ ಅಂಚು, ಬಾಸಿಂಗ, ಒಡವೆ ಇವೆಲ್ಲ ಒಂದು ಕೋನದಲ್ಲಿ ಫ್ಲ್ಯಾಶನ್ನು ಕನ್ನಡಿಯಂತೆ ನೇರ ವಾಪಸ್ ಕಳಿಸುತ್ತವೆ. ಸೀರೆ ಕಡು ಬಣ್ಣದ್ದಾದರೂ ಮೀಟರಿಗೆ ಸಿಕ್ಕಾಪಟ್ಟೆ ಬೆಳಕು ಕಾಣುತ್ತದೆ, ಮುಖ ಕಪ್ಪಾಗುತ್ತದೆ. ಹೆಣ್ಣು ಸ್ವಲ್ಪ ತಿರುಗಿದರೆ ಮುಂದಿನ ಫೋಟೊ ಸರಿ ಬರುತ್ತದೆ. ಇದಕ್ಕೆ ನಿಶ್ಚಿತ ಕಾಂಪನ್ಸೇಶನ್ ಅಂಕಿ ಇಲ್ಲ, ಯಾಕೆಂದರೆ ದೋಷ ಕೋನದಲ್ಲಿದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಇಲ್ಲವೇ ಬೌನ್ಸ್ ಮಾಡಿ. ಬೌನ್ಸ್ ಬೆಳಕಿನಲ್ಲಿ ಜರಿ ಕುಕ್ಕುವುದಿಲ್ಲ, ನೇಯ್ಗೆಯೂ ಚೆನ್ನಾಗಿ ಕಾಣುತ್ತದೆ. ಕ್ಯಾನನ್ ಮೆನುವಿನಲ್ಲಿ ಫ್ಲ್ಯಾಶ್ ಮೀಟರಿಂಗನ್ನು ಇವ್ಯಾಲ್ಯುಯೇಟಿವ್‌ನಿಂದ ಆವರೇಜ್‌ಗೆ ಬದಲಿಸಿದರೆ ಒಂದು ಫೋಟೊದಿಂದ ಇನ್ನೊಂದಕ್ಕೆ ಏರಿಳಿತ ಕಡಿಮೆಯಾಗುತ್ತದೆ. ಆಗ ಕಾಂಪನ್ಸೇಶನ್ ಎಷ್ಟು ಬೇಕು ಅನ್ನುವ ತೀರ್ಮಾನ ನಿಮ್ಮದೇ.

ಹೋಮದ ಹೊಗೆ ಕೂಡ ಇದೇ ಕೆಲಸ ಮಾಡುತ್ತದೆ. ಕ್ಯಾಮೆರಾ ಮತ್ತು ಮುಖದ ನಡುವೆ ಹೊಗೆ ಬಂದರೆ ಫ್ಲ್ಯಾಶ್ ಅದಕ್ಕೇ ಬಡಿದು ವಾಪಸ್ ಬರುತ್ತದೆ. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆ ನಿಂತು ತೆಗೆಯಿರಿ.

ಮುಖ ಕಪ್ಪು ಅನ್ನುವಾಗ ಇನ್ನೊಂದು ವಿಷಯ ಹೇಳಲೇಬೇಕು. ಮುಖ ಅಂಡರ್ ಆಗುವುದು ಬೇರೆ, ಮುಖದ ಬಣ್ಣವೇ ಕಪ್ಪು ಇರುವುದು ಬೇರೆ. ಕಪ್ಪು ಮೈಬಣ್ಣದವರನ್ನು ಬೆಳ್ಳಗೆ ತೋರಿಸಲು ಫ್ಲ್ಯಾಶನ್ನು ಪ್ಲಸ್ ಮಾಡುವುದು ದೋಷ ನಿವಾರಣೆ ಅಲ್ಲ. ಅದು ಆ ಮನುಷ್ಯರ ಚಹರೆಯನ್ನೇ ಕೆಡಿಸುತ್ತದೆ. ಕಪ್ಪು ಮುಖದ ಮೇಲೆ ಫ್ಲ್ಯಾಶ್ ಲಾಕ್ ಮಾಡಿದರೆ ಮೀಟರ್ ಅದನ್ನೂ ನಡುಮಟ್ಟಕ್ಕೆ ಎತ್ತುತ್ತದೆ. ಆಗ ಮೈನಸ್ 0.3 ಅಥವಾ 0.7 ಹಾಕಿದರೆ ಬಣ್ಣ ಇದ್ದಂತೆ ಬರುತ್ತದೆ, ಹಣೆಯ ಹೊಳಪೂ ಸುಡುವುದಿಲ್ಲ.

## ಮುಖ ಸುಟ್ಟಿದೆ: ರಿಸೆಪ್ಶನ್ ಸಂಜೆ

ಬೆಳಿಗ್ಗೆಯ ಸೆಟ್ಟಿಂಗ್ ಸಂಜೆ ಉಲ್ಟಾ ಹೊಡೆಯುತ್ತದೆ. ಗಂಡು ಕಪ್ಪು ಅಥವಾ ಕಡು ನೀಲಿ ಸೂಟ್‌ನಲ್ಲಿ ಬರುತ್ತಾನೆ. ಹಿಂದೆ ಕಪ್ಪು ಪರದೆ. ಪ್ರೀ-ಫ್ಲ್ಯಾಶ್‌ನಿಂದ ವಾಪಸ್ ಬರುವುದು ಸ್ವಲ್ಪವೇ. ಮೀಟರ್ ಫ್ಲ್ಯಾಶನ್ನು ಏರಿಸುತ್ತದೆ, ಸೂಟ್ ಬೂದಾಗುತ್ತದೆ, ಮುಖ ಸುಡುತ್ತದೆ. ಫ್ಲ್ಯಾಶ್ ಕಾಂಪನ್ಸೇಶನ್ ಮೈನಸ್ 0.7ರಿಂದ 1. ಬೆಳಿಗ್ಗೆಯ ಪ್ಲಸ್ 0.7 ಹಾಗೇ ಉಳಿದಿದ್ದರಂತೂ ಎರಡು ತಪ್ಪು ಕೂಡಿಕೊಳ್ಳುತ್ತವೆ. ವೇದಿಕೆ ಹತ್ತುವ ಮುಂಚೆ ಎಲ್ಲ ಅಂಕಿಗಳನ್ನೂ ಸೊನ್ನೆಗೆ ತನ್ನಿ.

ಗುಂಪಿನ ಫೋಟೊದಲ್ಲಿ ಮುಂದಿನ ಸಾಲು ಸುಟ್ಟು ಹಿಂದಿನ ಸಾಲು ಕಪ್ಪಾದರೆ ಕಾಂಪನ್ಸೇಶನ್‌ಗೆ ಅದನ್ನು ಸರಿಮಾಡುವ ಶಕ್ತಿ ಇಲ್ಲ. ದೂರ ಎರಡರಷ್ಟಾದರೆ ನೇರ ಫ್ಲ್ಯಾಶಿನ ಬೆಳಕು ಕಾಲು ಭಾಗ ಆಗುತ್ತದೆ. 2 ಮೀಟರಿನಲ್ಲಿ ಕೂತ ಮಗುವಿಗೂ 4 ಮೀಟರಿನಲ್ಲಿ ನಿಂತ ಚಿಕ್ಕಪ್ಪನಿಗೂ 2 ಸ್ಟಾಪ್ ವ್ಯತ್ಯಾಸ. ಹಿಂದೆ ಸರಿದು ಸ್ವಲ್ಪ ಝೂಮ್ ಮಾಡಿ. 5 ಮೀಟರ್ ಮತ್ತು 7 ಮೀಟರ್ ಆದಾಗ ವ್ಯತ್ಯಾಸ ಸುಮಾರು 1 ಸ್ಟಾಪ್‌ಗೆ ಇಳಿಯುತ್ತದೆ. ಬೌನ್ಸ್ ಆದರೆ ಇನ್ನೂ ಸಮ.

ರಾ ಫೈಲ್ (ಕ್ಯಾಮೆರಾ ತಿದ್ದದೆ ಬಿಟ್ಟ ಮೂಲ ಫೈಲ್) ತೆಗೆಯುವವರು ನೆನಪಿಡಬೇಕಾದ್ದು: ಒಂದು ಸ್ಟಾಪ್ ಅಂಡರ್ ಆದ ಮುಖವನ್ನು ಮೇಲೆತ್ತಬಹುದು, ಪೂರ್ತಿ ಸುಟ್ಟ ಮುಖ ವಾಪಸ್ ಬರುವುದಿಲ್ಲ. ಅನುಮಾನ ಇದ್ದರೆ ಮೈನಸ್ ಕಡೆ ಇರಿ.

## ಮುಖ ಸರಿ, ಹಿನ್ನೆಲೆ ಕತ್ತಲು

ಇಲ್ಲಿ ಫ್ಲ್ಯಾಶ್ ಕಾಂಪನ್ಸೇಶನ್ ಮುಟ್ಟಲೇಬೇಡಿ. ಕೆಟ್ಟಿರುವುದು ಇದ್ದ ಬೆಳಕು.

ಶಟರ್, ಅಪರ್ಚರ್ ಎರಡನ್ನೂ ಕ್ಯಾಮೆರಾವೇ ಗೊತ್ತು ಮಾಡುವ ಪಿ ಮೋಡಿನಲ್ಲಿ ಫ್ಲ್ಯಾಶ್ ಹಾಕಿದರೆ ಕ್ಯಾಮೆರಾ ಶಟರನ್ನು ಸಾಮಾನ್ಯವಾಗಿ 1/60ಕ್ಕಿಂತ ಕೆಳಗೆ ಇಳಿಸುವುದಿಲ್ಲ. ನಿಕಾನ್‌ನ ಎ ಮೋಡಿನಲ್ಲೂ (ಅಪರ್ಚರ್ ನಿಮ್ಮದು, ಶಟರ್ ಕ್ಯಾಮೆರಾದ್ದು) ಸ್ಲೋ ಸಿಂಕ್, ಅಂದರೆ ಫ್ಲ್ಯಾಶ್ ಜೊತೆ ನಿಧಾನ ಶಟರ್ ಬಿಡುವ ಆಯ್ಕೆ, ಹಾಕದಿದ್ದರೆ ಹಾಗೇ. ಮಂದ ಹಾಲ್‌ನಲ್ಲಿ ಅಷ್ಟು ಹೊತ್ತು ಸಾಲದು. ಸಾದಾ ಕಾಂಪನ್ಸೇಶನ್ ಪ್ಲಸ್ ಮಾಡಿದರೂ ಶಟರ್ ಅಲ್ಲೇ ನಿಲ್ಲುತ್ತದೆ. ಕ್ಯಾನನ್‌ನ ಎವಿ ಮೋಡ್ ಇದಕ್ಕೆ ವಿರುದ್ಧ. ಅದು ಇದ್ದ ಬೆಳಕನ್ನೇ ಮುಖ್ಯ ಅಂದುಕೊಂಡು ಶಟರನ್ನು 1/8ಕ್ಕೋ 1/4ಕ್ಕೋ ಇಳಿಸುತ್ತದೆ. ಹಿನ್ನೆಲೆ ಬರುತ್ತದೆ, ಆದರೆ ಕೈ ಅಲುಗಿ ಎಲ್ಲ ಮಸುಕು.

ಎರಡಕ್ಕೂ ಉತ್ತರ ಎಂ ಮೋಡ್. 1/100, ಎಫ್ 4, ಐಎಸ್ಒ 1600ರಿಂದ ಶುರು ಮಾಡಿ. ಎಂ ಹಾಕಿದರೆ ಟಿಟಿಎಲ್ ನಿಂತುಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಇಲ್ಲ. ಕ್ಯಾಮೆರಾ ಎಂನಲ್ಲಿದ್ದರೂ ಫ್ಲ್ಯಾಶ್ ಟಿಟಿಎಲ್‌ನಲ್ಲೇ ಇರುತ್ತದೆ, ಮುಖದ ಲೆಕ್ಕ ಅದೇ ನೋಡಿಕೊಳ್ಳುತ್ತದೆ. ಹಾಗಾಗಿ ನೀವು ಐಎಸ್ಒ ಏರಿಸಿದರೆ ಫ್ಲ್ಯಾಶ್ ತನ್ನ ಪವರ್ ಇಳಿಸಿಕೊಳ್ಳುತ್ತದೆ. ಮುಖ ಹಾಗೇ ಇರುತ್ತದೆ, ಹಿನ್ನೆಲೆ ಮಾತ್ರ ಬೆಳಗುತ್ತದೆ. ಶಟರ್ ನಿಧಾನ ಮಾಡಿದರೂ ಅಷ್ಟೇ. ಇಲ್ಲಿ ಶಟರ್ ಮತ್ತು ಐಎಸ್ಒ ಡಯಲ್‌ಗಳೇ ನಿಮ್ಮ ಹಿನ್ನೆಲೆ ಕಾಂಪನ್ಸೇಶನ್. ಕ್ಯಾನನ್‌ನ ಹಲವು ಹಳೆಯ ಕ್ಯಾಮೆರಾಗಳಲ್ಲಿ ಆಟೊ ಐಎಸ್ಒ ಇದ್ದು ಫ್ಲ್ಯಾಶ್ ಹಾಕಿದರೆ ಅದು 400ಕ್ಕೆ ಅಂಟಿಕೊಳ್ಳುತ್ತದೆ. ಕೈಯಾರೆ ಹಾಕಿ.

ಹಿಂದೆ ಎಲ್‌ಇಡಿ ಗೋಡೆ ಇದ್ದರೆ ಸಮಸ್ಯೆ ತಿರುಗುತ್ತದೆ. ಅದು ಕಣ್ಣು ಕುಕ್ಕುವಷ್ಟು ಬೆಳಗುತ್ತದೆ, ಮುಖಗಳು ಅದರ ಮುಂದೆ ಕಪ್ಪು. ಮೊದಲು ಫ್ಲ್ಯಾಶ್ ಇಲ್ಲದೆ ಗೋಡೆಯ ಬಣ್ಣ ಸರಿಯಾಗಿ ಕಾಣುವಷ್ಟು ಶಟರ್ ಇಟ್ಟುಕೊಳ್ಳಿ. ಆಮೇಲೆ ಫ್ಲ್ಯಾಶ್ ಹಾಕಿ ಮುಖ ಸರಿಮಾಡಿ. ಗೋಡೆಯಲ್ಲಿ ಅಡ್ಡ ಪಟ್ಟೆ ಬಂದರೆ ಅದು ಕಾಂಪನ್ಸೇಶನ್ ದೋಷ ಅಲ್ಲ. ಶಟರ್ ನಿಧಾನ ಮಾಡಿ, ಐಎಸ್ಒ ಇಳಿಸಿ ಸರಿದೂಗಿಸಿ.

## ಹೊರಗಡೆ, ಬಿಸಿಲಿನಲ್ಲಿ

ಬೆನ್ನಿಗೆ ಬಿಸಿಲು ಇರುವ ಜೋಡಿಗೆ ಫ್ಲ್ಯಾಶ್ ಸಹಾಯ ಮಾತ್ರ ಮಾಡಬೇಕು, ಮುಖ್ಯ ಬೆಳಕು ಆಗಬಾರದು. ಮೈನಸ್ 1ರಿಂದ ಮೈನಸ್ 1.7ರ ನಡುವೆ ಸಹಜವಾಗಿ ಕಾಣುತ್ತದೆ. ನಿಕಾನ್‌ನ ಟಿಟಿಎಲ್-ಬಿಎಲ್ (ಇದ್ದ ಬೆಳಕಿಗೆ ಹೊಂದಿಸಿ ಫ್ಲ್ಯಾಶ್ ಕೊಡುವ ಬಗೆ) ಈ ಇಳಿಕೆಯನ್ನು ತಾನೇ ಸ್ವಲ್ಪ ಮಾಡಿಕೊಂಡಿರುತ್ತದೆ. ಅದರ ಮೇಲೆ ನೀವೂ ಮೈನಸ್ 1.7 ಹಾಕಿದರೆ ಫ್ಲ್ಯಾಶ್ ಮಿಂಚಿದ್ದೇ ಗೊತ್ತಾಗದು. ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ಗೆ ಹೋದರೆ ಬಿಎಲ್ ಹೋಗಿ ಸಾದಾ ಟಿಟಿಎಲ್ ಆಗುತ್ತದೆ ಅನ್ನುವುದೂ ನೆನಪಿರಲಿ.

ಫೋಟೊದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬಂದರೆ ಶಟರ್ ಸಿಂಕ್ ವೇಗ (ಫ್ಲ್ಯಾಶ್ ಇಡೀ ಫೋಟೊ ತುಂಬುವ ಅತಿ ಹೆಚ್ಚಿನ ಶಟರ್ ವೇಗ) ದಾಟಿದೆ. ಬಹಳ ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಹೈ ಸ್ಪೀಡ್ ಸಿಂಕ್ ಹಾಕಿದರೆ ಪಟ್ಟಿ ಹೋಗುತ್ತದೆ, ಆದರೆ ಫ್ಲ್ಯಾಶಿನ ಶಕ್ತಿ 2 ಸ್ಟಾಪ್‌ನಷ್ಟು ಅಥವಾ ಇನ್ನೂ ಜಾಸ್ತಿ ಕುಗ್ಗುತ್ತದೆ. ಆಗ ಪ್ಲಸ್ ಕಾಂಪನ್ಸೇಶನ್ ಕೆಲಸ ಮಾಡದಿದ್ದರೆ ಆಶ್ಚರ್ಯವಿಲ್ಲ. ಹತ್ತಿರ ಹೋಗಿ.

## ಒಂದೊಂದು ಫೋಟೊ ಒಂದೊಂದು ಥರ

ಸೆಟ್ಟಿಂಗ್ ಮುಟ್ಟದೆ ಒಂದು ಸರಿ, ಮುಂದಿನದು ಕಪ್ಪು, ಅದರ ಮುಂದಿನದು ಸರಿ. ಹೀಗಾದರೆ ಮೊದಲು ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆಗುವ ಮುಂಚೆಯೇ ಬಟನ್ ಒತ್ತಿದರೆ ಅರ್ಧ ಮಿಂಚೇ ಬರುತ್ತದೆ. ಸಾದಾ ಆಲ್ಕಲೈನ್ ಸೆಲ್‌ಗಳು ಬೇಗ ನಿಧಾನವಾಗುತ್ತವೆ. ಒಳ್ಳೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು ಕೊನೆಯವರೆಗೂ ಬೇಗ ಚಾರ್ಜ್ ಮಾಡುತ್ತವೆ. ಹಳೆಯದು ಹೊಸದು ಬೆರೆಸಬೇಡಿ.

ಆಗೊಮ್ಮೆ ಈಗೊಮ್ಮೆ ಒಂದೇ ಫೋಟೊ ವಿಪರೀತ ಬೆಳ್ಳಗಾದರೆ, ಪಕ್ಕದಲ್ಲಿ ಇನ್ನೊಬ್ಬರ ಫ್ಲ್ಯಾಶ್ ಅದೇ ಹೊತ್ತಿಗೆ ಮಿಂಚಿದೆ. ನೆರಳು ಎರಡಿದ್ದರೆ ಖಾತ್ರಿ.

ವೇದಿಕೆ ಪಕ್ಕ ಸ್ಲೇವ್ ಲೈಟ್ (ನಿಮ್ಮ ಫ್ಲ್ಯಾಶ್ ಜೊತೆಗೇ ಮಿಂಚುವ ಇನ್ನೊಂದು ಫ್ಲ್ಯಾಶ್) ಇಟ್ಟಿದ್ದೀರಾ? ಅದು ಬೆಳಕು ಕಂಡು ಮಿಂಚುವ ಬಗೆಯದ್ದಾದರೆ ನಿಮ್ಮ ಟಿಟಿಎಲ್‌ನ ಪ್ರೀ-ಫ್ಲ್ಯಾಶ್‌ಗೇ ಮಿಂಚಿಬಿಡುತ್ತದೆ. ಶಟರ್ ತೆರೆಯುವ ಹೊತ್ತಿಗೆ ಅದರ ಬೆಳಕು ಮುಗಿದಿರುತ್ತದೆ. ಕಣ್ಣಿಗೆ ಮಿಂಚಿದ್ದು ಕಾಣುತ್ತದೆ, ಫೋಟೊದಲ್ಲಿ ಇಲ್ಲ. ಸಾಲದ್ದಕ್ಕೆ ಆ ಬೆಳಕು ಮೀಟರಿನ ಲೆಕ್ಕವನ್ನೂ ಕೆಡಿಸುತ್ತದೆ. ಸ್ಲೇವ್‌ನಲ್ಲಿ ಎಸ್1, ಎಸ್2 ಎಂಬ ಆಯ್ಕೆಗಳಿದ್ದರೆ ಎಸ್2 ಹಾಕಿ. ಅದು ಪ್ರೀ-ಫ್ಲ್ಯಾಶನ್ನು ಬಿಟ್ಟು ಮುಂದಿನದಕ್ಕೆ ಮಿಂಚುತ್ತದೆ. ಅಥವಾ ಕ್ಯಾಮೆರಾ ಮೇಲಿನ ಫ್ಲ್ಯಾಶನ್ನು ಮ್ಯಾನುವಲ್ ಮಾಡಿ, ಆಗ ಪ್ರೀ-ಫ್ಲ್ಯಾಶೇ ಇರುವುದಿಲ್ಲ.

## ಇದ್ಯಾವುದೂ ಅಲ್ಲದಿದ್ದರೆ

ಆಗ ಸಾಮಾನಿನಲ್ಲೇ ದೋಷ ಇರಬಹುದು. ಅದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ಕ್ಯಾಮೆರಾದ ಸೆಟ್ಟಿಂಗ್‌ಗಳನ್ನು ರೀಸೆಟ್ ಮಾಡಿ. ಫ್ಲ್ಯಾಶಿನದನ್ನೂ ಮಾಡಿ. ಟ್ರಿಗರ್ ತೆಗೆದು ಫ್ಲ್ಯಾಶನ್ನು ನೇರ ಕ್ಯಾಮೆರಾ ಮೇಲೆ ಕೂರಿಸಿ, ಕೊನೆಯವರೆಗೆ ತಳ್ಳಿ ಲಾಕ್ ಮಾಡಿ. ರಾತ್ರಿ ಕೋಣೆಯ ದೀಪ ಆರಿಸಿ, 2 ಮೀಟರ್ ದೂರದ ಸಾದಾ ಗೋಡೆಗೆ ನೇರ ಫ್ಲ್ಯಾಶ್ ಹಿಡಿಯಿರಿ. ಎಂ ಮೋಡ್, 1/125, ಎಫ್ 5.6, ಐಎಸ್ಒ 200. ಫ್ಲ್ಯಾಶ್ ಟಿಟಿಎಲ್‌ನಲ್ಲಿರಲಿ. ಕಾಂಪನ್ಸೇಶನ್ ಮೈನಸ್ 2, ಸೊನ್ನೆ, ಪ್ಲಸ್ 1 ಹಾಕಿ ಮೂರು ಫೋಟೊ ತೆಗೆಯಿರಿ.

ಮೂರೂ ಹಂತ ಹಂತವಾಗಿ ಬೆಳಗುತ್ತಾ ಬಂದರೆ ಸಾಮಾನು ಚೆನ್ನಾಗಿದೆ, ತಪ್ಪು ಮೇಲೆ ಹೇಳಿದ್ದರಲ್ಲಿ ಎಲ್ಲೋ ಇದೆ. ಮೂರೂ ಒಂದೇ ಥರ ಪೂರ್ತಿ ಬೆಳ್ಳಗಿದ್ದರೆ ಫ್ಲ್ಯಾಶ್ ಪ್ರತಿ ಸಲವೂ ಪೂರ್ತಿ ಪವರ್ ಸುರಿಯುತ್ತಿರಬಹುದು. ಕ್ಯಾಮೆರಾದ ಮಾತು ಅದಕ್ಕೆ ತಲುಪುತ್ತಿಲ್ಲ. ಫ್ಲ್ಯಾಶ್ ಆರಿಸಿ, ಅದರ ತಳದ ಪಿನ್‌ಗಳನ್ನೂ ಹಾಟ್ ಶೂವಿನ (ಕ್ಯಾಮೆರಾ ಮೇಲೆ ಫ್ಲ್ಯಾಶ್ ಕೂರುವ ಜಾಗದ) ಲೋಹದ ಚುಕ್ಕೆಗಳನ್ನೂ ಒಣ ಮೃದು ಬಟ್ಟೆಯಿಂದ ಒರೆಸಿ ಮತ್ತೆ ನೋಡಿ. ಬೆವರು, ಅರಿಶಿನದ ಪುಡಿ, ಧೂಳು ಅಲ್ಲಿ ಸೇರಿಕೊಂಡಿರುತ್ತವೆ. ಒಳಗೆ ಒತ್ತಿಕೊಂಡೇ ಉಳಿದ ಪಿನ್ ಇದೆಯೇ ಅಂತ ಬೆರಳಿನಿಂದ ಒಂದೊಂದನ್ನೇ ಮೆಲ್ಲಗೆ ಒತ್ತಿ ನೋಡಿ. ಎಲ್ಲವೂ ಸ್ಪ್ರಿಂಗ್‌ನಂತೆ ವಾಪಸ್ ಬರಬೇಕು.

ಆಮೇಲೂ ಹಾಗೇ ಇದ್ದರೆ ಅದೇ ಫ್ಲ್ಯಾಶನ್ನು ಅದೇ ಬ್ರ್ಯಾಂಡಿನ ಇನ್ನೊಂದು ಕ್ಯಾಮೆರಾ ಮೇಲೆ ಹಾಕಿ ಮೂರು ಫೋಟೊ ತೆಗೆಯಿರಿ. ಅಲ್ಲಿ ಸರಿ ಬಂದರೆ ನಿಮ್ಮ ಕ್ಯಾಮೆರಾದ ಶೂ ಕೆಟ್ಟಿದೆ. ಅಲ್ಲೂ ಕೆಟ್ಟರೆ ಫ್ಲ್ಯಾಶ್. ರಿಪೇರಿಗೆ ಕೊಡುವಾಗ "ಸರಿ ಬರ್ತಿಲ್ಲ" ಅಂತಷ್ಟೇ ಹೇಳಬೇಡಿ. ಈ ಆರು ಫೋಟೊಗಳನ್ನೂ ತೋರಿಸಿ, ಯಾವುದಕ್ಕೆ ಎಷ್ಟು ಕಾಂಪನ್ಸೇಶನ್ ಇತ್ತು ಅಂತ ಬರೆದುಕೊಡಿ. ಫ್ಲ್ಯಾಶನ್ನು ನೀವೇ ಬಿಚ್ಚಲು ಹೋಗಬೇಡಿ. ಒಳಗಿನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ನೂರಾರು ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ.